ಮರಿಬಂಡೆಯಲ್ಲಿ ಈ ವಾರದ ನೀರು

ಆದೋನಿ
ಸೋಮವಾರ, 19 ಜನವರಿ 2026

ಹಾರಿಕಾಳ ಅಪ್ಪನಿಗೆ,

ನಾನು, ಲಾವಣ್ಯ. ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ನಿಮಗೆ ಗೊತ್ತಾಗಿರುತ್ತದೆ. ನಿಮ್ಮನ್ನು ಏನೆಂದು ಕರೆಯಲಿ ಎಂಬುದರಲ್ಲೇ ಬಹಳ ಹೊತ್ತು ಕಳೆದೆ. ಮದುವೆಯಾದ ಹೊಸದರಲ್ಲಿ ನಾನು ಕಾನ್ವೆಂಟಿನಲ್ಲಿ ಓದಿದ ಧೈರ್ಯದಿಂದ ‘ರಂಗನಾಥ್’ ಎಂದು ಕೂಗಿದಾಗ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಮಗಳು ಹುಟ್ಟಿದ ಮೇಲೆ ಆ ತೊಡಕು ತಾನಾಗಿಯೇ ಬಿಡಿಸಿಕೊಂಡಿತು. ಅವಳ ಹೆಸರಿನ ಹಿಂದೆ ನಿಂತು ನಿಮ್ಮನ್ನು ಕರೆಯುವುದು ರೂಢಿಯಾಯಿತು. ಈಗ ಆ ಹೆಸರು ಬಿಟ್ಟು ಬೇರೆ ಹೇಗೆ ಕರೆದರೂ ಅವಳನ್ನು ಮನೆಯಿಂದ ಹೊರಗೆ ಕಳಿಸಿದ ಹಾಗಾಗುತ್ತದೆ. ಅದೇ ಇರಲಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಫೋನಿನ ಮಾತು ನಿಮಗೆ ಗೊತ್ತೇ ಇದೆ. ಊಟವಾಯಿತೇ ಎಂದು ನಾನು ಕೇಳುತ್ತೇನೆ, ಅವ್ವ ಹೇಗಿದ್ದಾಳೆ ಎಂದು ನೀವು ಕೇಳುತ್ತೀರಿ, ಆಮೇಲೆ ಪತ್ತಿಕೊಂಡದ ಬಸ್ಸಿನ ಹಾರ್ನುಗಳೇ ಇಬ್ಬರ ಪರವಾಗಿ ಮಾತಾಡುತ್ತವೆ. ಫೋನನ್ನು ನೀವು ಇಟ್ಟುಬಿಡಬಹುದು. ಕಾಗದವನ್ನು ಅರ್ಧಕ್ಕೆ ಬಿಟ್ಟರೂ ಅದು ನಿಮ್ಮ ಮೇಜಿನ ಮೇಲೆ, ಕುರಿಗಳ ಲಸಿಕೆಯ ಡಬ್ಬಿಗಳ ಪಕ್ಕದಲ್ಲಿ ಕೂತೇ ಇರುತ್ತದೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವ ಶನಿವಾರ ನಾನು ಅಂಡಮಾನಿಗೆ ಹೊರಟಿದ್ದೇನೆ, ಮರಿಬಂಡೆಗೆ. ಹಾರಿಕಾಳಿಗೆ ಹಾಲು ತುಪ್ಪ ಬಿಡುವುದಕ್ಕೆ. ನೀವೂ ಬನ್ನಿ ಎಂದು ಕೇಳುವುದಕ್ಕೇ ಈ ಪತ್ರ.

ಈ ಸಾಲು ಓದಿದ ಕೂಡಲೇ ನಿಮ್ಮ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ದಸರೆಗೆ ನೀವು ಬಂದಿದ್ದಾಗ ಅತ್ತೆ ಹಿತ್ತಾಳೆಯ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ನಿಮ್ಮ ಮುಂದೆ ಇಟ್ಟಿದ್ದರು. ನೀವು ಅದನ್ನು ನೋಡಿದಿರಿ, ಅವರನ್ನು ನೋಡಿದಿರಿ. “ಆಕಿ ಮಾರಿ ನೋಡದ ಹಾಲು ತುಪ್ಪ ಬಿಡಾಕ ನಿಮಗ ಹೆಂಗ ಮನಸು ಬರ್ತೈತಿ? ಬಿಟ್ಟು ಮರತುಬಿಡ್ರಿ ಅಂತೀರೇನು?” ಎಂದಿರಿ. ದನಿ ಏರಿಸಲಿಲ್ಲ. ಊಟಕ್ಕೆ ಇಟ್ಟಿದ್ದ ತಟ್ಟೆಯನ್ನು ನೀವೇ ಎತ್ತಿ ಒಳಗಿಟ್ಟು ಬಸ್ಸಿಗೆ ಹೋದಿರಿ. ಅಂದಿನಿಂದ ಗಿಂಡಿ ಕಿಟಕಿಯಲ್ಲೇ ಇದೆ. ಅತ್ತೆ ಅದನ್ನು ವಾರಕ್ಕೊಮ್ಮೆ ಬೆಳಗುತ್ತಾರೆ, ಅದು ಮಂಕಾಗಲು ಬಿಡುವುದಿಲ್ಲ.

ನಿಮಗೆ ಗೊತ್ತಿರುವುದನ್ನೇ ಒಂದು ಸಲ ಬರೆದು ನೋಡುತ್ತೇನೆ, ನನಗಾಗಿ. ಹೋದ ಏಪ್ರಿಲಿನಲ್ಲಿ ನಮ್ಮ ಮಗಳು ಆ ಬಂಡೆಯ ಹತ್ತಿರ ಹಲಗೆ ಹಿಡಿದು ಅಲೆಯೇರಲು ಹೋದಳು. ಹಲಗೆ ದಡಕ್ಕೆ ಬಂತು. ಕಾಲಿಗೆ ಕಟ್ಟಿಕೊಳ್ಳುವ ಹಗ್ಗ ಹರಿದಿತ್ತು. ಅವಳು ಬರಲಿಲ್ಲ. ದೋಣಿಗಳು, ಹೆಲಿಕಾಪ್ಟರು, ಮುಳುಗುಗಾರರು ಎಲ್ಲರೂ ಹುಡುಕಿದರು. ಅವಳು ಸಿಗಲಿಲ್ಲ. ಇಷ್ಟನ್ನು ನಾನು ಎಲ್ಲೂ ಬರೆದಿರಲಿಲ್ಲ. ಬರೆಯಲು ಆಗುತ್ತದೆ ಎಂಬುದು ಈಗ ಗೊತ್ತಾಯಿತು.

ಸಿಗದವಳು ಸತ್ತಿಲ್ಲ ಎಂದು ನೀವು ಹೇಳುತ್ತೀರಿ. ನೀರು ಅವಳನ್ನು ಇನ್ನೊಂದು ದ್ವೀಪಕ್ಕೆ ಒಯ್ದಿರಬಹುದು ಎಂದು ನಕಾಶೆ ತರಿಸಿ ನೋಡಿದಿರಿ. ಅವಳ ನಂಬರಿಗೆ ಈಗಲೂ ನೀವು ರೀಚಾರ್ಜ್ ಮಾಡಿಸುತ್ತೀರಿ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಆ ನಂಬರಿಗೆ ನಾನೂ ಕರೆ ಮಾಡುತ್ತೇನೆ. ಸ್ವಿಚ್ ಆಫ್ ಎಂದು ಹೇಳುವ ಹೆಂಗಸಿನ ದನಿ ಕೇಳಿ ಇಡುತ್ತೇನೆ. ಹಾಗಾಗಿ ನಿಮ್ಮನ್ನು ಹುಚ್ಚರೆನ್ನುವ ಹಕ್ಕು ನನಗಿಲ್ಲ.

ಆದರೆ ಅತ್ತೆಯ ಕಡೆಯೂ ನೋಡಿ. ನಿಮ್ಮ ಮನೆತನದಲ್ಲಿ ಹೋದವರನ್ನು ಮಣ್ಣಿಗೆ ಕೊಟ್ಟು, ಮೂರನೆಯ ದಿನ ಆ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕು. ಮದುವೆಯಾಗದ ಮಕ್ಕಳಾದರೆ ಅಪ್ಪನ ಕೈಯಿಂದಲೇ ಬೀಳಬೇಕು. ಅಲ್ಲಿಯವರೆಗೆ ಮನೆಗೆ ಸೂತಕ. ಏಪ್ರಿಲಿನಿಂದ ನಮ್ಮ ಮನೆ ಹಾಗೇ ಇದೆ. ದೀಪಾವಳಿಗೆ ಕರಿಗಡಬು ಮಾಡಲಿಲ್ಲ, ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ. ಹಾಲಹರವಿಯಲ್ಲಿ ಅವರ ತಮ್ಮ ಯರ್ರೆಪ್ಪನ ಮೊಮ್ಮಗಳ ಮದುವೆಯಾಯಿತು. ಅವರು ಕಾರು ಕಳಿಸಿದರೂ ಅತ್ತೆ ಹೋಗಲಿಲ್ಲ. ಮನೆಯ ಮುಂದೆ ಕಾರು ನಿಂತಿದ್ದಾಗ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದರು. “ಸೂತಕದಾಕಿ ಅಕ್ಷತಿ ಹಾಕಿದ್ರ ಆ ಹುಡುಗಿಗಿ ಏಳಿಗಿ ಆಗಾಂಗಿಲ್ಲ, ಹೋಗಂತ ಹೇಳವನಿಗಿ” ಎಂದರು. ಸತ್ತವಳ ಸೂತಕ ಎಂದು ಅವರು ಒಪ್ಪುತ್ತಾರೆ, ನೀವು ಒಪ್ಪುವುದಿಲ್ಲ. ನಾನು ಇಬ್ಬರ ನಡುವೆ ಇಷ್ಟು ದಿನ ಟೀಚರಿನ ಹಾಗೆ ನಿಂತಿದ್ದೆ, ಯಾರದು ಸರಿ ಎಂದು ಹೇಳದೆ.

ನಾನು ನಂಬುತ್ತೇನೆಯೇ? ಹಾಲು ತುಪ್ಪದಿಂದ ಅವಳಿಗೆ ಏನಾದರೂ ತಲುಪುತ್ತದೆ ಎಂದು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಗೊತ್ತಿಲ್ಲ. ನನಗೆ ದಣಿವಾಗಿದೆಯೋ, ಅದಕ್ಕೇ ಮುಗಿಸಲು ಹೊರಟಿದ್ದೇನೆಯೋ ಎಂದೂ ಕೇಳಿಕೊಂಡಿದ್ದೇನೆ. ಇರಬಹುದು. ಆದರೆ ಅವಳು ಕೊನೆಯ ಸಲ ಇದ್ದ ನೀರನ್ನು ನಾನು ನೋಡಿಲ್ಲ. ಹುಡುಕಾಟದ ದಿನಗಳಲ್ಲಿ ನಮ್ಮನ್ನು ಪೋರ್ಟ್ ಬ್ಲೇರಿನಿಂದ ಮುಂದೆ ಬಿಡಲಿಲ್ಲ, ಸಮುದ್ರ ಎದ್ದಿತ್ತು. ಆಮೇಲೆ ಮಳೆ. ಆಮೇಲೆ ನೀವು ಪತ್ತಿಕೊಂಡಕ್ಕೆ ವರ್ಗ ಕೇಳಿಕೊಂಡು ಹೋದಿರಿ.

ಮರಿಬಂಡೆ ಎಂಬ ಹೆಸರು ಹೇಗೆ ಬಂತೆಂದು ನಿಮಗೆ ನೆನಪಿದೆಯಲ್ಲ. ಅವಳು ಸಮುದ್ರದ ಜೀವಿಗಳ ಮೇಲೆ ಎಂಎಸ್ಸಿ ಓದಲು ಹೋಗಿ, ಓದು ಮುಗಿದ ಮೇಲೆ ಆ ಚಿಕ್ಕ ದ್ವೀಪದಲ್ಲೇ ಉಳಿದು, ಹವಳ ಎಣಿಸುವ ಕೆಲಸದ ಜೊತೆ ಚೇತನನ ಸರ್ಫಿಂಗ್ ಶಾಲೆಯಲ್ಲೂ ಕೈಜೋಡಿಸಿದ ಕಾಲ. ಮಂಗಳೂರು ಕಡೆಯ ಆ ಹುಡುಗನ ಕನ್ನಡ ಕೇಳಿ ಅತ್ತೆ, ಇವ ಪುಸ್ತಕ ನುಂಗ್ಯಾನೇನು ಎಂದು ಕೇಳಿದ್ದರು. ನೀವು ಅಂಗಳದಲ್ಲಿ ಕೂತು ಫೋನಿನಲ್ಲಿ ಆ ಬಂಡೆಯ ಹವಾಮಾನದ ಪುಟವನ್ನು ಮೊದಲ ಸಲ ಓದುತ್ತಿದ್ದಿರಿ. ‘ಶೆಲ್ಟರ್ಡ್’ ಎಂದಿತ್ತು. ಹಾಗಂದರೇನು ಎಂದು ಅತ್ತೆ ಕೇಳಿದರು. ನೀವು ನಮ್ಮ ಬಾಯಿಗೆ ಬರುವ ಹಾಗೆ, “ಅಲ್ಲಿ ಮರಿ ಐತಬೇ” ಎಂದಿರಿ. ಮರೆ ಎನ್ನುವುದನ್ನು ನಾವೆಲ್ಲ ಮರಿ ಎಂದೇ ಹೇಳುವುದಲ್ಲವೇ. ಗಾಳಿಗೂ ಬಂಡೆಗೂ ನಡುವೆ ದ್ವೀಪದ ಕಾಡು ಮರೆಯಾಗಿದೆ ಎಂಬುದು ನಿಮ್ಮ ಅರ್ಥ. ಅತ್ತೆ ಕುರಿ ಸಾಕಿದ ಮನೆಯವರು. ಅವರಿಗೆ ಕೇಳಿದ್ದು ಕುರಿಮರಿ.

“ಸಮುದ್ರದಾಗ ಮರಿ ಅದಾವಾ?” ಎಂದು ಕಣ್ಣರಳಿಸಿದರು. ಆಮೇಲೆ ನಿಮ್ಮನ್ನೇ ಹಿಡಿದರು. “ನಾ ಕುರಿ ಕಾಯ್ದು ನಿನ್ನ ಓದಿಸಿದ್ನಿ. ನೀ ಕುರಿಗಿ ಸೂಜಿ ಚುಚ್ಚಿ ಮಗಳನ್ನ ಓದಿಸಿದಿ. ಆಕಿ ಇಷ್ಟೆಲ್ಲಾ ಓದಿ ಕಡೀಕಿ ನೀರಾಗ ಮರಿ ಮೇಸಾಕ ಹೋದ್ಲಲ್ಲೋ” ಎಂದು ನಕ್ಕರು. ಅದೇ ಸಂಜೆ, ಅವಳು ಪೋರ್ಟ್ ಬ್ಲೇರಿಗೆ ಹೋದಾಗ ಕಳಿಸಿದ್ದ ವಿಡಿಯೋ ತೋರಿಸಿದಿರಿ. ಬಂಡೆಯ ಮೇಲೆ ನೀರು ಒಡೆದು ಬೆಳ್ಳಗೆ, ಒಂದರ ಹಿಂದೆ ಒಂದು ಓಡಿ ಬರುತ್ತಿತ್ತು. ಅತ್ತೆ ನಗುವುದನ್ನು ನಿಲ್ಲಿಸಿ ಫೋನನ್ನು ಹತ್ತಿರಕ್ಕೆ ಹಿಡಿದರು. ಸಂಜೆ ಕುರಿ ಹಿಂದಿರುಗಿದಾಗ ದೊಡ್ಡಿಯ ಬಾಗಿಲು ತೆಗೆದು ಮರಿ ಬಿಟ್ಟ ಹಾಗೇ ಇದೆ, ನಾನು ತಪ್ಪು ಕೇಳಲಿಲ್ಲ, ಮರಿಯೇ ಇವು ಎಂದರು. ಹಾರಿಕಾಳಿಗೆ ಹೇಳಿದಾಗ ಅವಳು ಎಷ್ಟು ನಕ್ಕಳೆಂದರೆ ಫೋನು ಕೈಯಿಂದ ಬಿತ್ತು. ಆಮೇಲೆ ಆ ದ್ವೀಪದಲ್ಲೂ ಎಲ್ಲರೂ ಅದನ್ನು ಮರಿಬಂಡೆ ಎನ್ನತೊಡಗಿದರಂತೆ.

ಆ ಪುಟ ಓದುವುದು ನಿಮ್ಮ ದಿನಚರಿಯಾಯಿತು. ಅಲ್ಲಿ ನೆಟ್ ಬರುವುದಿಲ್ಲ, ಮಾತು ಮಾತ್ರ ಕೇಳುತ್ತದೆ ಎಂದು ಅವಳು ಬೆಳಿಗ್ಗೆ ನಿಮಗೆ ಫೋನ್ ಮಾಡುತ್ತಿದ್ದಳು. ಅಲ್ಲಿಯ ನೀರಿನ ಸುದ್ದಿಯನ್ನು ನೀವು ಇಲ್ಲಿಂದ ಓದಿ ಹೇಳಬೇಕು. ಸಮುದ್ರವನ್ನೇ ನೋಡದ ಆದೋನಿಯ ಮನೆಯ ಅಂಗಳದಲ್ಲಿ, ಹತ್ತಿಯ ಲಾರಿಗಳ ಸದ್ದಿನ ನಡುವೆ, ಎಡಗೈಯಲ್ಲಿ ಬೇವಿನ ಕಡ್ಡಿ ಹಿಡಿದು ನೀವು ಓದುತ್ತಿದ್ದಿರಿ. ಅಲೆ ಇಷ್ಟು ಅಡಿ. ಗಾಳಿ ಈ ದಿಕ್ಕು. ಉಬ್ಬರ ಇಷ್ಟಕ್ಕೆ, ಇಳಿತ ಇಷ್ಟಕ್ಕೆ. ಅವಸರಕ್ಕೆ ಏನಾದರೂ ಬಿಟ್ಟರೆ ಅವಳು ಸ್ಪೀಕರಿನಿಂದ ತಡೆಯುತ್ತಿದ್ದಳು: “ಬರೇ ಅಡಿ ಹೇಳಬ್ಯಾಡಪಾ. ಎಲ್ಲಾ ಓದು.” ಇಂಗ್ಲಿಷ್ ಟೀಚರಾದ ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ನಿಮ್ಮ ಉಚ್ಚಾರಣೆಗೆ ಒಳಗೊಳಗೇ ನಗುತ್ತಿದ್ದೆ. ಒಂದೆರಡು ಸಲ, ನಾನು ಓದಲೇ ಎಂದೂ ಕೇಳಿದ್ದೆ. ಬೇಡ, ಅಪ್ಪನೇ ಓದಲಿ ಎಂದಿದ್ದಳು.

ಈಗ ಆ ಪುಟವನ್ನು ನಾನು ಓದುತ್ತೇನೆ. ನೀವು ಹೋದ ಮೇಲೆ ಶುರುವಾಯಿತು. ಯಾಕೆಂದು ನನ್ನನ್ನೇ ಕೇಳಿಕೊಂಡೆ. ಒಬ್ಬರ ಬಗ್ಗೆ ಕೇಳಲು ಯಾರೂ ಉಳಿಯದಿದ್ದಾಗ ಅವರು ಇರುವ ಕಡೆಯ ಗಾಳಿಯನ್ನಾದರೂ ಕೇಳುತ್ತೇವೇನೋ. ಓದುತ್ತಾ ಓದುತ್ತಾ ಕೆಲವು ಸಂಗತಿ ತಿಳಿಯಿತು. ಆ ಪುಟ ನಮ್ಮಂಥವರಿಗಾಗಿ ಬರೆದದ್ದಲ್ಲ. ಅಲೆ ಏರುವವರಿಗಾಗಿ ಬರೆದದ್ದು. ನೀರು ಸುಮ್ಮನೆ ಮಲಗಿದ್ದರೆ ಅದು ‘ಪೂರ್’ ಎನ್ನುತ್ತದೆ, ಒಂದೂ ನಕ್ಷತ್ರ ಕೊಡುವುದಿಲ್ಲ. ನೀರು ಎದ್ದು ಬಂಡೆಯ ಮೇಲೆ ಮುರಿದರೆ ‘ಗುಡ್’ ಎನ್ನುತ್ತದೆ. ಅಡಿಗಳ ಪಕ್ಕದಲ್ಲಿ ಸೆಕೆಂಡುಗಳೂ ಇರುತ್ತವೆ, ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಹೊತ್ತು. ಆ ಹೊತ್ತು ಹೆಚ್ಚಾದಷ್ಟೂ ಅಲೆ ದೂರದಿಂದ ಬಂದದ್ದು, ಅಡಿ ಕಡಿಮೆಯಿದ್ದರೂ ಬಲ ಹೆಚ್ಚು. ದಕ್ಷಿಣದಲ್ಲಿ, ಮನುಷ್ಯರೇ ಇಲ್ಲದ ಕಡೆ ಎಂದೋ ಎದ್ದ ಬಿರುಗಾಳಿ. ಅದರ ಅಲೆ ವಾರವಿಡೀ ನಡೆದು ಇಲ್ಲಿಗೆ ಬಂದಾಗ ಇಲ್ಲಿ ಆಕಾಶದಲ್ಲಿ ಮೋಡವೂ ಇರುವುದಿಲ್ಲ. ಗಾಳಿಗೆ ಮರೆ ಉಂಟು. ಅಂಥ ಅಲೆಗೆ ಮರೆ ಇಲ್ಲ.

ಇನ್ನು ಮುಂದಿನದನ್ನು ನಿಧಾನವಾಗಿ ಓದಿ.

ಆ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲೇ ಇದ್ದೆ. ಮಿಕ್ಸಿ ಹಾಕಿರಲಿಲ್ಲ. ನೀವು ಓದಿದ್ದು ಕೇಳಿದೆ. ‘ಗುಡ್’ ಎಂದು ಬಂದಿತ್ತು, ಬಹಳ ದಿನಗಳ ಮೇಲೆ. ಹತ್ತನೆಯ ತರಗತಿಯ ರಿಸಲ್ಟು ಓದಿದ ಹಾಗೆ ಖುಷಿಯಿಂದ ಓದಿದಿರಿ. “ಗುಡ್ ಐತವ್ವಾ ಇವತ್ತು, ಹೋಗು” ಎಂದಿರಿ. ಅವಳು ಹೂಂ ಎಂದಳು. ಅಷ್ಟೇ.

ಈ ಮಾತನ್ನು ನೀವು ಯಾರಿಗೂ ಹೇಳಿಲ್ಲ. ವಿಚಾರಣೆಗೆ ಬಂದವರಿಗೂ, ಅತ್ತೆಗೂ, ನನಗೂ. ಅದು ನನ್ನ ಕಿವಿಗೆ ಬೀಳಲಿಲ್ಲ ಎಂದೇ ನೀವು ತಿಳಿದಿದ್ದೀರಿ. ಅವಳು ಬದುಕಿದ್ದಾಳೆ ಎಂದು ನೀವು ಹಿಡಿದ ಹಟ ಬರೀ ಆಸೆಯಲ್ಲ ಎಂದು ನನಗೆ ಅನ್ನಿಸುತ್ತದೆ. ಅವಳು ಬದುಕಿದ್ದರೆ ಮಾತ್ರ ಆ ‘ಹೋಗು’ ಎಂಬ ಮಾತು ಬರೀ ಮಾತಾಗಿ ಉಳಿಯುತ್ತದೆ. ಹಾಲು ತುಪ್ಪ ಬಿಟ್ಟ ಕೂಡಲೇ ಅದು ಬೇರೆಯಾಗಿಬಿಡುತ್ತದೆ ಎಂದು ನಿಮ್ಮ ಭಯ. ಪತ್ತಿಕೊಂಡಕ್ಕೆ ನೀವು ಹೋದದ್ದು ನನ್ನನ್ನು ಬಿಟ್ಟಲ್ಲ, ಆ ಅಂಗಳವನ್ನು ಬಿಟ್ಟು. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಹೇಳಿ. ಬೈದು ಹೇಳಿದರೂ ಸರಿ.

ನಾನು ನಿಮ್ಮ ಮೇಲೆ ತಪ್ಪು ಹೊರಿಸಿಲ್ಲ. ಒಂದು ದಿನವೂ ಇಲ್ಲ. ಆದರೆ ಹೊರಿಸಿಲ್ಲ ಎಂದು ಬಾಯಿ ಬಿಟ್ಟು ಹೇಳಿಯೂ ಇಲ್ಲ. ಹೇಳಿದರೆ ನಾನು ಕೇಳಿದ್ದೇನೆ ಎಂದು ನಿಮಗೆ ತಿಳಿಯುತ್ತದೆ. ತಿಳಿದರೆ ನೀವು ಮನೆಗೆ ಬರುವುದೇ ಇಲ್ಲ ಎಂದುಕೊಂಡೆ. ಹೇಳದಿದ್ದರೂ ನೀವು ಬರಲಿಲ್ಲ.

ಹೋದ ವಾರ ಅತ್ತೆ ತಾವಾಗಿ ಒಂದು ಮಾತು ಹೇಳಿದರು. ಬಿಸಿಲಿಗೆ ಕೂತಿದ್ದರು. ಈಗ ಹತ್ತಿಯ ಕಾಲವಲ್ಲವೇ, ಮಾರ್ಕೆಟ್ ಯಾರ್ಡಿನ ಕಡೆಯಿಂದ ಹತ್ತಿಯ ಎಳೆ ಹಾರಿ ಬಂದು ಅವರ ತಲೆಗೆ ಅಂಟಿತ್ತು, ನಾನು ತೆಗೆಯುತ್ತಿದ್ದೆ. ಮರಿ ಕಳೆದುಕೊಂಡ ಕುರಿ ಏನು ಮಾಡುತ್ತದೆ ಗೊತ್ತೇ ಟೀಚರಮ್ಮ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಎಲ್ಲೆಲ್ಲೋ ಹುಡುಕುವುದಿಲ್ಲವಂತೆ. ಮರಿಗೆ ಕೊನೆಯ ಸಲ ಎಲ್ಲಿ ಹಾಲು ಕೊಟ್ಟಿತ್ತೋ ಅದೇ ಜಾಗಕ್ಕೆ ಹಿಂದಿರುಗಿ ಬಂದು ಕೂಗುತ್ತದಂತೆ. ಹೊಡೆದರೂ ಹೋಗುವುದಿಲ್ಲವಂತೆ. ಎರಡು ದಿನ, ಮೂರು ದಿನ. ಅವರಪ್ಪ ಅಂಥ ಕುರಿಗಾಗಿ ಇಡೀ ಹಿಂಡನ್ನು ನಿಲ್ಲಿಸಿಕೊಂಡಿರುತ್ತಿದ್ದರಂತೆ. ಕೂಗಿ ಕೂಗಿ ಒಂದು ಬೆಳಿಗ್ಗೆ ಅದು ತಾನೇ ತಲೆ ಬಗ್ಗಿಸಿ ಮೇಯಲು ಹಿಡಿಯುತ್ತದೆ, ಆವಾಗ ಹಿಂಡು ಎಬ್ಬಿಸಬೇಕು ಎಂದರು.

“ಅದು ಮರತು ಮೇಯಾಂಗಿಲ್ಲ. ಕೂಗೂದು ತೀರಿರ್ತೈತಿ, ಅದಕ್ಕ ಮೇಯ್ತೈತಿ. ನನ್ನ ಮಗ ಇನ್ನಾ ಕೂಗಿಲ್ಲ. ಕೂಗಾಕ ಜಾಗಾನ ನೋಡಿಲ್ಲ ಅಂವ. ಕರಕೊಂಡು ಹೋಗವನ್ನ.”

ಇಷ್ಟು ಹೇಳಿ, ಕೂದಲು ಎಳೆಯಬೇಡ, ಹತ್ತಿ ತೆಗೆಯುತ್ತೀಯೋ ತಲೆ ಬೋಳಿಸುತ್ತೀಯೋ ಎಂದು ಗದರಿದರು. ನಾನು ಒಳಗೆ ಹೋಗಿ ಟಿಕೆಟ್ ತೆಗೆದೆ.

ಈಗ ಈ ವಾರದ ನೀರು. ನಿಮ್ಮಷ್ಟು ಚೆನ್ನಾಗಿ ಓದಲಾರೆ, ಆದರೂ ಎಲ್ಲಾ ಓದುತ್ತೇನೆ.

ನಾಳೆ ನಾಡಿದ್ದು ಮರಿಬಂಡೆಯ ಹತ್ತಿರ ಅಲೆ ಎರಡು ಅಡಿ, ಸೆಕೆಂಡು ಒಂಬತ್ತು. ಗಾಳಿ ಈಶಾನ್ಯದಿಂದ, ಸ್ವಲ್ಪ ಜೋರು. ಆಚೆ ದಂಡೆಯಲ್ಲಿ ದೋಣಿ ಬಿಡುವುದು ಕಷ್ಟವಂತೆ, ಬಂಡೆಯ ಕಡೆ ಕಾಡು ತಡೆಯುವುದರಿಂದ ಅಷ್ಟಿಲ್ಲ. ಗುರುವಾರದಿಂದ ಗಾಳಿ ಇಳಿಯುತ್ತದೆ. ಶುಕ್ರವಾರ ಒಂದೆರಡು ಹನಿ ಮಳೆ. ಭಾನುವಾರದ ಹೊತ್ತಿಗೆ ಅಲೆ ಒಂದು ಅಡಿಗೆ ಬರುತ್ತದೆ. ಮುಂದಿನ ಮಂಗಳವಾರ, ಬುಧವಾರ ಎರಡೂ ದಿನ ಅಡಿಯ ಜಾಗದಲ್ಲಿ ಅಂಕಿಯೇ ಇಲ್ಲ, ‘ಫ್ಲ್ಯಾಟ್’ ಎಂದಿದೆ. ನಕ್ಷತ್ರ ಒಂದೂ ಇಲ್ಲ. ಗಾಳಿ ಬೆಳಗಿನ ಹೊತ್ತು ಇಲ್ಲವೆನ್ನುವಷ್ಟು. ನೀರು ಗಾಜಿನ ಹಾಗೆ ಇರುತ್ತದೆ, ಬಂಡೆ ದೋಣಿಯಿಂದಲೇ ಕಾಣುತ್ತದೆ ಎಂದು ಚೇತನ ಹೇಳಿದ. ಆ ಪುಟದ ಲೆಕ್ಕದಲ್ಲಿ ಅದು ಯಾರೂ ಹಲಗೆ ಎತ್ತದ ಕೆಟ್ಟ ದಿನ. ಸಮುದ್ರಕ್ಕೆ ಎಂದೂ ಇಳಿಯದ ನಮ್ಮಿಬ್ಬರಿಗೆ ಅಂಥ ದಿನವೇ ಬೇಕು. ಇಷ್ಟು ದಿನ ಮುಂಚೆ ಹೇಳಿದ್ದು ಬದಲಾಗಬಹುದು. ಆದರೆ ವರ್ಷದಲ್ಲಿ ನೀರು ಮಲಗುವ ಕಾಲ ಇದೇ. ಮಾರ್ಚಿ ಬಂದರೆ ದಕ್ಷಿಣದ ಅಲೆ ಮತ್ತೆ ಶುರು.

ಚೇತನ ಚಿಕ್ಕ ದೋಣಿ ಹೇಳಿದ್ದಾನೆ. ನೀವು ಅವನ ಫೋನು ಎತ್ತುವುದಿಲ್ಲ ಎಂದು ಅವನಿಗೆ ಬೇಜಾರಿಲ್ಲ. ಅಣ್ಣನಿಗೆ ನನ್ನ ದನಿ ಕೇಳಿದರೆ ಆ ದಿನವೇ ನೆನಪಾಗುತ್ತದೇನೋ ಅಕ್ಕ, ನೀವೇ ಹೇಳಿ ಎಂದ. ಅವನೂ ಅಂದಿನಿಂದ ಆ ಬಂಡೆಯ ಕಡೆ ಹಲಗೆ ಒಯ್ದಿಲ್ಲವಂತೆ.

ಶನಿವಾರ ಸಂಜೆಯ ಮದ್ರಾಸು ಗಾಡಿಗೆ ಎರಡು ಟಿಕೆಟ್ ಇವೆ. ಅಲ್ಲಿಂದ ವಿಮಾನ, ಆಮೇಲೆ ಹಡಗು. ಮನೆಯಲ್ಲಿ ಅತ್ತೆಯ ಜೊತೆಗೆ ಯರ್ರೆಪ್ಪ ಮಾವ ಬಂದಿರುತ್ತಾರೆ. ಶಾಲೆಯಲ್ಲಿ ರಜೆ ಕೇಳಿದಾಗ ಹೆಡ್‌ಮಾಸ್ಟರು ಕಾರಣವನ್ನೇ ಕೇಳದೆ, “ವೆಳ್ಳಿ ರಂಡಿ ಮೇಡಂ”, ಹೋಗಿ ಬನ್ನಿ ಎಂದು ತೆಲುಗಿನಲ್ಲಿ ಹೇಳಿ ಕೈ ಮುಗಿದರು. ಅತ್ತೆ ತುಪ್ಪ ಕಾಸಿ ಇಟ್ಟಿದ್ದಾರೆ. ಹಾಲು ಒಯ್ದರೆ ಒಡೆಯುತ್ತದಲ್ಲ, ಅಲ್ಲಿ ಸಿಗುವುದು ಪುಡಿಯ ಹಾಲು ಎಂದೆ. ಅತ್ತೆ, ಆಕಿ ಕೂಸಿದ್ದಾಗ ನಿನ್ನ ಮೈಯಾಗ ಹಾಲು ಇಳಿಯದೆ ಡಬ್ಬಿ ಪುಡಿ ಕುಡಿದೇ ಬೆಳೆದವಳು, ಗುರುತು ಹಿಡಿಯುತ್ತಾಳೆ ಬಿಡು ಎಂದರು. ನಾನು ಅತ್ತದ್ದು ಅವಾಗ ಮಾತ್ರ.

ನೀವು ಬರದಿದ್ದರೂ ನಾನು ಹೋಗುತ್ತೇನೆ. ಆ ನೀರು ನೋಡಿ ಬರುತ್ತೇನೆ. ಆದರೆ ಗಿಂಡಿ ಬಗ್ಗಿಸುವುದಿಲ್ಲ, ತುಪ್ಪವನ್ನು ಹಾಗೇ ಹಿಂದಕ್ಕೆ ತರುತ್ತೇನೆ. ಅದು ನಿಮ್ಮ ಕೈಯಿಂದ ಬೀಳಬೇಕಾದದ್ದು. ಸೂತಕ ಇನ್ನೂ ಒಂದು ವರ್ಷ ಇದ್ದರೆ ಇರಲಿ ಎಂದು ಅತ್ತೆಗೆ ಹೇಳುತ್ತೇನೆ. ಅವರು ಗಿಂಡಿ ಬೆಳಗುತ್ತಾ ಹೋಗುತ್ತಾರೆ. ಆದರೆ ಅವರ ಕೈ ಈಗ ಹಿಂದಿನಷ್ಟು ಗಟ್ಟಿಯಿಲ್ಲ.

ನಿಮ್ಮ ಉಣ್ಣೆಯ ಶಾಲು ಇಲ್ಲೇ ಇದೆ. ಹಡಗಿನಲ್ಲಿ ರಾತ್ರಿ ಚಳಿಯಂತೆ. ಚೀಲದಲ್ಲಿ ಇಟ್ಟಿದ್ದೇನೆ.

ಹಾರಿಕಾಳ ಅಮ್ಮ,
ಲಾವಣ್ಯ

ಮರೆತ ಮಾತು: ಹಾಗೆ ಬರೆಯುವುದು ರೂಢಿ. ಇದು ಮರೆತದ್ದಲ್ಲ, ಬಚ್ಚಿಟ್ಟದ್ದು. ನೀವು ದಸರೆಗೆ ಬಂದು ಹೋದ ಮೇಲೆ ಚೇತನ ಒಂದು ಸಂಗತಿ ಹೇಳಿದ. ಅಲ್ಲಿ ನೆಟ್ ಇರಲಿಲ್ಲ ಎಂಬುದು ಮೊದಲ ಕೆಲವು ತಿಂಗಳ ಮಾತಂತೆ. ಆಮೇಲೆ ಅವರ ಗುಡಿಸಲಿಗೇ ಬಂತು. ದಿನಾ ಬೆಳಿಗ್ಗೆ ಎದ್ದು ಆ ಪುಟ ನೋಡಿ, ಅಲೆ ಏ‌ರುವವರಿಗಾಗಿ ಹೊರಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಹಾರಿಕಾಳದೇ ಕೆಲಸ. ಅಡಿ, ಸೆಕೆಂಡು, ಗಾಳಿ ಎಲ್ಲ ಬರೆದು ಮುಗಿಸಿದ ಮೇಲೆ ನಿಮಗೆ ಫೋನ್ ಮಾಡುತ್ತಿದ್ದಳಂತೆ. ನೀವು ಓದುತ್ತಿದ್ದರೆ ಅಲ್ಲಿ ಆ ಕರಿಹಲಗೆಯ ಮುಂದೆ ನಿಂತು ಒಂದೊಂದೇ ಅಂಕಿಯ ಮೇಲೆ ಬೆರಳಿಡುತ್ತಿದ್ದಳಂತೆ. ಬರೆದದ್ದನ್ನೇ ಮತ್ತೆ ಯಾಕೆ ಕೇಳುತ್ತೀ ಮಾರಾಯ್ತಿ ಎಂದು ಅವನು ರೇಗಿಸಿದರೆ, “ಅಪ್ಪ ಓದಿದ್ರ ನನಗ ಮರಿ ಇದ್ದಂಗ” ಎನ್ನುತ್ತಿದ್ದಳಂತೆ. ಅಪ್ಪ ಓದುವುದಕ್ಕೂ ಕುರಿಮರಿಗೂ ಏನು ಸಂಬಂಧ ಅಕ್ಕ ಎಂದು ಅವನು ನನ್ನನ್ನು ಕೇಳಿದ. ಅವನ ಕಡೆ ಮರೆಯನ್ನು ಮರಿ ಎನ್ನುವುದಿಲ್ಲ. ಗೊತ್ತಿಲ್ಲಪ್ಪ ಎಂದುಬಿಟ್ಟೆ. ನಾನು ಓದಲೇ ಎಂದಾಗ ಬೇಡ ಎಂದಿದ್ದಳಲ್ಲ, ಅದು ಚುಚ್ಚಿತು. ಅದಕ್ಕೇ ನಿಮಗೂ ಹೇಳದೆ ಇಟ್ಟುಕೊಂಡೆ.

ಆ ದಿನದ ಕರಿಹಲಗೆಯನ್ನು ಚೇತನ ಅಳಿಸದೆ ಒಳಗೆ ತಂದಿಟ್ಟಿದ್ದಾನೆ, ಫೋಟೋ ಕಳಿಸಿದ್ದಾನೆ. ತಾರೀಕಿದೆ. ಕೊನೆಯಲ್ಲಿ ‘ಗುಡ್’ ಎಂದಿದೆ, ಅವಳದೇ ಅಕ್ಷರ. ನಿಮ್ಮ ಫೋನು ಆಮೇಲೆ ಹೊಡೆದುಕೊಂಡದ್ದು. ದೋಣಿ ಬಿಡುವ ಮೊದಲು ಮಂಗಳವಾರದ ಪುಟವನ್ನು ನೀವೇ ಓದಬೇಕು, ಗಟ್ಟಿಯಾಗಿ. ಬರೀ ಅಡಿ ಹೇಳಬೇಡಿ. ಎಲ್ಲಾ ಓದಿ.